ಬಣ್ಣದ ದೀಪದ ಟೇಪ್ ರೆಕಾರ್ಡರು ಮತ್ತು ಮೋಟು ಪೆನ್ಸಿಲ್ಲು

ಹಳೇ ಟೇಪ್ ರೆಕಾರ್ಡರುಗಳ ಹುಚ್ಚು ಹಿಡಿದಿದ್ದ ಫಾಲಾಕ್ಷಪ್ಪನವರ ಗಾಜಿನ ಕಪಾಟಿನಲ್ಲಿ, ಜೋಡಿ ಸ್ಪೀಕರಿನ, ಬಣ್ಣದ ದೀಪ ಕುಣಿಸುವ ದೊಡ್ಡದೊಂದು ಸೆಟ್ಟು ಇತ್ತು. ಮನೆಗೆ ಬಂದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೀಗಾಗಿ ತಾನೊಬ್ಬ ಮಹಾಗಾಯಕನೆಂದು ಅದು ನಂಬಿಬಿಟ್ಟಿತ್ತು.

"ನಮ್ಮ ನಡುವೆ ನಿನಗೇನಪ್ಪ ಕೆಲಸ?" ಎಂದು ಅದು ಕಪಾಟಿನ ಮೂಲೆಯಲ್ಲಿದ್ದ ಮೋಟು ಪೆನ್ಸಿಲನ್ನು ಕೇಳಿತು.

"ಕರೆದಾಗ ಬರುತ್ತೇನೆ ಸ್ವಾಮಿ, ಅಷ್ಟೇ," ಎಂದಿತು ಪೆನ್ಸಿಲ್ಲು.

ಅಷ್ಟರಲ್ಲಿ ಫಾಲಾಕ್ಷಪ್ಪನವರ ಹೆಂಡತಿ ಮಂಗಳಮ್ಮ ಒಂದು ಕ್ಯಾಸೆಟ್ಟು ತಂದರು. ತೀರಿಹೋದ ತಮ್ಮ ತಾಯಿ ಹಾಡಿದ ಸೋಬಾನೆ ಉಳಿದಿದ್ದುದು ಅದೊಂದರಲ್ಲೇ. ಸೆಟ್ಟು ಎದೆಯುಬ್ಬಿಸಿ ಅದನ್ನು ಒಳಗೆ ತೆಗೆದುಕೊಂಡಿತು. ದೀಪಗಳೆಲ್ಲ ಕುಣಿದವು. ಆದರೆ ತಾಯಿಯ ದನಿ ಕೋಣ ನರಳಿದ ಹಾಗೆ ಎಳೆದು ನಿಂತೇಹೋಯಿತು. ರೀಲು ಸೆಟ್ಟಿನೊಳಗೆ ಸುತ್ತಿಕೊಂಡು ಗಂಟಾಗಿತ್ತು. ಮಂಗಳಮ್ಮನ ಕಣ್ಣು ತುಂಬಿತು.

ಫಾಲಾಕ್ಷಪ್ಪನವರು ಉಸಿರು ಬಿಗಿಹಿಡಿದು ಗಂಟು ಬಿಡಿಸಿದರು. ಪೆನ್ಸಿಲನ್ನು ಕ್ಯಾಸೆಟ್ಟಿನ ತೂತಿಗೆ ತೂರಿಸಿ ಮೆಲ್ಲಗೆ ತಿರುಗಿಸಿದರು. ರೀಲು ಹರಿಯದೆ ಪೂರ್ತಿ ಒಳಸೇರಿತು.

"ದೀಪ ನೋಡಲು ಬಂದವರನ್ನು ಇಷ್ಟು ವರ್ಷ ಹಾಡು ಕೇಳಲು ಬಂದವರೆಂದುಕೊಂಡಿದ್ದೆನಲ್ಲ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ," ಎಂದಿತು ಸೆಟ್ಟು. "ನನಗೆ ಹಾಡಲು ಬರುವುದಿಲ್ಲ ಕಣಪ್ಪ."

"ನನಗೂ ಬರುವುದಿಲ್ಲ ಸ್ವಾಮಿ," ಎಂದಿತು ಪೆನ್ಸಿಲ್ಲು. "ಆದರೆ ನಾನು ಯಾರ ಹಾಡನ್ನೂ ನುಂಗಿಲ್ಲ."