ದೊಗರಪ್ಪನ ಕರಿಗಲ್ಲು

ಮಕ್ಕಳೇ, ಅತ್ತಿಮರಗಳ ಒಂದು ಕಾಡು. ಅಲ್ಲಿ ದೊಡ್ಡ ಬಂಡೆಯ ಪಕ್ಕದ ಬಿಲದಲ್ಲಿ ದೊಗರಪ್ಪನೆಂಬ ಹೆಗ್ಗಣ, ಅವನ ಹೆಂಡತಿ ಸಿಂಗಾರವ್ವ ಮತ್ತು ಏಳು ಮರಿಗಳ ಸಂಸಾರ. ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಅತ್ತಿಹಣ್ಣು ಒಣಗಿಸಿಡುವುದು ಅವರ ವಾಡಿಕೆ. ಹೇಗೆ ಅಂತೀರಾ? ನೆಲದಡಿಯ ಕರಿಗಲ್ಲು, ಅಂದರೆ ಕಲ್ಲಿದ್ದಲು, ಅಗೆದು ತಂದು, ಒಲೆಯಲ್ಲಿ ಉರಿಸಿ, ಅದರ ಕಾವಿನಲ್ಲಿ! ಮುತ್ತಜ್ಜನ ಕಾಲದ ಪದ್ಧತಿ ಎಂದು ದೊಗರಪ್ಪನಿಗೆ ಭಾರೀ ಜಂಬ.

ಆದರೆ ಹತ್ತಿರದ ಕಲ್ಲೆಲ್ಲ ಎಂದೋ ಮುಗಿದಿತ್ತು. ಈಗ ಬೆಳಿಗ್ಗೆ ಸುರಂಗಕ್ಕೆ ಇಳಿದರೆ ಸಂಜೆಗೆ ಒಂದೇ ಕಲ್ಲು ಹೊತ್ತು, ಏದುಸಿರು ಬಿಡುತ್ತ ಬರುತ್ತಿದ್ದ. ದಾರಿಯ ಬುತ್ತಿಗೆ ಹತ್ತು ಒಣಹಣ್ಣು ಬೇಕು. ಆ ಕಲ್ಲಿನಿಂದ ಒಣಗುತ್ತಿದ್ದುದು ಎಂಟೇ!

"ಹೀಗಾದರೆ ಮಳೆಗಾಲಕ್ಕೆ ಮರಿಗಳಿಗೆ ಏನು ಹಾಕೋದು?" ಎಂದಳು ಸಿಂಗಾರವ್ವ.

"ಕಲ್ಲಿಲ್ಲದೆ ಹಣ್ಣು ಒಣಗುತ್ತೇನೇ?"

ಬಂಡೆಯ ಮೇಲೆ ಮೈಚಾಚಿದ್ದ ಓತಿಕ್ಯಾತ ಬಂಗಾರಿ ಕಿಸಕ್ಕನೆ ನಕ್ಕಳು. "ಭಾವ, ಬಂಡೆ ಹೆಂಚಿನ ಹಾಗೆ ಕಾದಿದೆ. ಇಲ್ಲೇ ಹರವಬಾರದಾ?"

"ಮೋಡ ಬಂದರೆ?"

"ಬಿಸಿಲಿದ್ದಾಗ ನಾಲ್ಕು ಹೆಚ್ಚು ಒಣಗಿಸಿಡು."

"ಹೋಗೇ! ಬಿಟ್ಟಿ ಬಿಸಿಲಿನ ಹಣ್ಣಿಗೆ ರುಚಿ ಎಲ್ಲಿಂದ ಬರಬೇಕು?" ಎಂದು ಮೂತಿ ತಿರುವಿದ ದೊಗರಪ್ಪ.

ಹದಿನೈದು ದಿನಕ್ಕೆ ಸುರಂಗದ ಕಲ್ಲೂ ಮುಗಿಯಿತು. ಇನ್ನು ಉಳಿದಿದ್ದುದು ಮನೆಯ ಕೆಳಗಿನದು ಮಾತ್ರ.

"ಬೇಡ ಕಣ್ರೀ, ಮನೆ ಕುಸಿದೀತು," ಎಂದು ಸಿಂಗಾರವ್ವ ಬೇಡಿಕೊಂಡಳು.

"ಒಂದೇ ಒಂದು ಕಲ್ಲು!" ಎಂದ. ಒಂದು ನಾಲ್ಕಾಯಿತು, ನಾಲ್ಕು ಹತ್ತಾಯಿತು. ಮೂರನೆಯ ದಿನ ಮಧ್ಯಾಹ್ನ ಧುಬ್ಬೆಂದು ಮನೆಯೇ ಕುಸಿದು ಬಿತ್ತು. ದೊಗರಪ್ಪ ಹೇಗೋ ತೆವಳಿ ಹೊರಬಂದ. ಬಾಯಿ ತುಂಬ ಮಣ್ಣು.

"ಅಯ್ಯೋ, ನನ್ನ ಮರಿಗಳು!" ಎಂದು ಎದೆ ಬಡಿದುಕೊಂಡು ಅತ್ತ.

"ಇಲ್ಲಿದ್ದೀವಿ ಅಪ್ಪಾ!"

ನೋಡಿದರೆ ಏಳು ಮರಿಗಳೂ ಬಂಡೆಯ ಮೇಲೆ ಸಾಲಾಗಿ ಕೂತು ಹಣ್ಣು ಮಗುಚುತ್ತಿದ್ದವು. ಪಕ್ಕದಲ್ಲಿ ಒಣಹಣ್ಣಿನ ರಾಶಿ!

"ಬಂಗಾರಿ ಹೇಳಿದ ದಿನದಿಂದ ಇಲ್ಲೇ ಒಣಗಿಸ್ತಿದ್ದೀವಿ," ಎಂದಳು ಸಿಂಗಾರವ್ವ. "ನಿಮ್ಮ ಬುತ್ತಿಯೂ ಇದೇ. ಮೊನ್ನೆ 'ಕರಿಗಲ್ಲಿನ ರುಚಿಯೇ ರುಚಿ' ಅಂತ ಬೆರಳು ಚೀಪಿದಿರಲ್ಲ!"

ಬಂಗಾರಿ ಬಿದ್ದು ಬಿದ್ದು ನಕ್ಕಳು. ದೊಗರಪ್ಪನಿಗೆ ನಾಚಿಕೆಯಾಯಿತು. ಮರಿಗಳು ಉಳಿದವಲ್ಲ ಎಂಬ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು. ಮೆಲ್ಲಗೆ ಬಂಡೆ ಹತ್ತಿದ.

"ಈಗ ನಾನೇನು ಮಾಡಲಿ?"

"ಕಾಗೆ ಓಡಿಸಿ," ಎಂದಳು ಸಿಂಗಾರವ್ವ.

ನೀತಿ: ಮುಗಿದುಹೋಗುವುದನ್ನು ಅಗೆದಗೆದು ಮನೆ ಕೆಡಿಸಿಕೊಳ್ಳುವ ಮೊದಲೇ, ಮುಗಿಯದ ಬಿಸಿಲನ್ನು ಬಳಸಲು ಕಲಿಯಬೇಕು.