ಧವಳೆ ಹಾಲನ್ನು ಅಳೆಯಿಸಿದ್ದು

"ಏಳು ತಲೆಮಾರಿನಿಂದ ನಮ್ಮ ಮನೆತನದ ಹಾಲಿನ ಮೇಲೆ ಒಂದು ದೂರೂ ಬಂದಿಲ್ಲ. ಆಸ್ಪತ್ರೆಯ ಕೂಸುಗಳಿಗೂ ಇದೇ ಹಾಲು," ಎಂದಿತು ಧವಳೆ ಎಂಬ ಹಸು. ಅದರ ಹಾಲಿನ ಬಕೆಟ್ಟಿನ ಮುಂದೆ ವಿಕಿರಣ ಅಳೆಯುವ ಯಂತ್ರ ಒಂದೇ ಸಮನೆ ಟಿಕ್ ಟಿಕ್ ಎನ್ನುತ್ತಿತ್ತು. ಯಂತ್ರ ಹಾಗೆ ಸದ್ದು ಮಾಡಿದ ಹಾಲನ್ನು ಕರುವಿಗೂ ಕುಡಿಸುವಂತಿರಲಿಲ್ಲ.

"ನಾನು ಮನೆತನ ವಿಚಾರಿಸುವುದಿಲ್ಲ ತಾಯಿ, ಎಣಿಸುತ್ತೇನೆ ಅಷ್ಟೆ," ಎಂದಿತು ಯಂತ್ರ.

"ಹಾಗಾದರೆ ಕ್ರಮವಾಗಿ ಎಣಿಸು. ಮೊದಲು ಪಕ್ಕದ ಖಾಲಿ ಬಕೆಟ್ಟು."

ಯಂತ್ರ ಆಗೊಮ್ಮೆ ಈಗೊಮ್ಮೆ ಟಿಕ್ ಎಂದಿತು.

"ಹೋದ ವರ್ಷದ ಒಣಹುಲ್ಲು?"

ಅದೂ ಅಷ್ಟೇ.

"ಮೊನ್ನೆಯ ಮಳೆಯಲ್ಲಿ ನೆನೆದ ಹಸಿಹುಲ್ಲು?"

ಯಂತ್ರ ಬಿಡುವಿಲ್ಲದೆ ಬಡಿದುಕೊಂಡಿತು.

ಧವಳೆ ತಲೆಯೆತ್ತಿ ಮೋಡವನ್ನು ಕೇಳಿತು: "ನೀರಿನ ಜೊತೆ ಇನ್ನೇನು ಸುರಿಸಿದೆ?"

"ಸಮುದ್ರದಾಚೆಯ ದ್ವೀಪದಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದರಮ್ಮ. ಆ ಧೂಳು ನನಗೆ ಅಂಟಿಕೊಂಡಿತು."

"ಸಿಡಿಸಿದವರು ಅಳೆಯಲಿಲ್ಲವೇ?"

"ಅಳೆದರು, ದ್ವೀಪದ ಅಂಚಿನವರೆಗೆ ಮಾತ್ರ. ಆಚೆಗೆ ಏನೂ ಹೋಗಿಲ್ಲವೆಂದು ಬರೆದುಕೊಂಡರು."

ಧವಳೆ ಹಾಲಿನ ಬಕೆಟ್ಟನ್ನು ತಾನೇ ಒದ್ದು ಉರುಳಿಸಿತು. ಹಸಿದ ಕರು ಅಂಬಾ ಎಂದಿತು.

"ಗಾಳಿ ತಿರುಗಿದಾಗ ಹೋಗಿ ಸಿಡಿಸಿದವರಿಗೆ ಹೇಳು," ಎಂದಿತು ಧವಳೆ ಮೋಡಕ್ಕೆ. "ಅವರು ಇಲ್ಲಿಗೆ ಬಂದು, ನನ್ನ ಕರುವಿನ ಮುಂದೆ ನಿಂತು, ಕ್ಷಮೆ ಕೇಳಬೇಕು."