ಕುಲಾವಿಗೆ ಕೊಟ್ಟ ಸೆರಗು

"ಗುರುಗಳೇ, ಹಿರಿಯರು ಕೈಯಾರೆ ಮಾಡಿಟ್ಟ ಬಟ್ಟೆಯನ್ನು ಕತ್ತರಿಸಿ ಹೊಸದೇನನ್ನೋ ಮಾಡುವುದು ಅವರಿಗೆ ಬಗೆಯುವ ದ್ರೋಹವಲ್ಲವೇ?" ಎಂದು ಶಿಷ್ಯೆ ಬಾಳವ್ವ ಕೇಳಿದಳು. ಅಂಥದ್ದನ್ನು ಮುಟ್ಟದೆ ಇಟ್ಟುಬಿಡುವುದೇ ಮೇಲು ಎಂದು ಅವಳ ಮನಸ್ಸಿನಲ್ಲಿ ಆಗಲೇ ಗಟ್ಟಿಯಾಗಿತ್ತು. ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೊಲಿಗೆಯವಳಿದ್ದಳು. ಹಳೆಯ ಸೀರೆಗಳನ್ನು ಕತ್ತರಿಸಿ ಕೌದಿ, ಕುಬಸ, ಬಾಗಿಲ ತೋರಣ ಮಾಡುವುದು ಅವಳ ಕಸುಬು. ಕತ್ತರಿ ಹಿಡಿದು ಎಂದೂ ಹಿಂದೆಗೆದವಳಲ್ಲ. ಒಂದು ದಿನ ಒಬ್ಬ ಮುದುಕಿ ಅವಳ ಬಳಿಗೆ ರೇಷ್ಮೆಯ ಸೆರಗೊಂದನ್ನು ತಂದಳು. ಸೀರೆಯ ಒಡಲು ಎಂದೋ ಸವೆದುಹೋಗಿ ಸೆರಗಷ್ಟೇ ಉಳಿದಿತ್ತು. ಅದರ ತುಂಬ ಕಸೂತಿ. ಮುದುಕಿಯ ತಾಯಿ ಎಳೆ ಎಣಿಸಿ ಎಣಿಸಿ ಹಾಕಿದ ಆನೆಗಳ ಸಾಲು. ಮೇಲೆ ನೋಡಿದರೂ ಒಳಗೆ ನೋಡಿದರೂ ಒಂದೇ ಥರ. ಎಲ್ಲೂ ಒಂದು ಗಂಟಿಲ್ಲ.

"ನನ್ನ ಮರಿಮಗಳಿಗೆ ಇದರಲ್ಲೊಂದು ಕುಲಾವಿ ಹೊಲಿದುಕೊಡು, ತಂಗಿ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ತಲೆಯ ಮೇಲೆ ನಮ್ಮವ್ವನ ಕೈ ಇರಲಿ" ಎಂದಳು ಮುದುಕಿ.

ಕುಲಾವಿ ಎಂದರೆ ಕೂಸಿನ ತಲೆಯನ್ನೂ ಬೆನ್ನನ್ನೂ ಬೆಚ್ಚಗಿಡುವ ಟೊಪ್ಪಿಗೆ. ದೊಡ್ಡ ಕೆಲಸವೇನಲ್ಲ. ಹೊಲಿಗೆಯವಳು ಒಪ್ಪಿಕೊಂಡಳು.

ಆದರೆ ಸೆರಗು ಹಾಸಿ ಕತ್ತರಿ ಎತ್ತಿದಾಗ ಅವಳಿಗೆ ದಿಗಿಲಾಯಿತು. ಈ ಕಡೆ ಕತ್ತರಿಸಿದರೆ ಸೊಂಡಿಲು ಹೋಗುತ್ತದೆ, ಆ ಕಡೆ ಕತ್ತರಿಸಿದರೆ ಅಂಬಾರಿ. ಆನೆ ಆನೆಗಳ ನಡುವೆ ಬೆರಳಗಲ ಜಾಗವೇನೋ ಇತ್ತು. ಅಲ್ಲಿ ಕತ್ತರಿ ಆಡಿಸಬಹುದೆಂದು ಅವಳಿಗೂ ಗೊತ್ತಿತ್ತು. ಆದರೂ ಕೈ ಒಂದೆಳೆ ಜಾರಿದರೆ? ಗಂಟಿಲ್ಲದ ಕಸೂತಿ ಬಿಚ್ಚಿಕೊಂಡರೆ? ಮತ್ತೆ ಹಾಗೆ ಹಾಕುವ ಕೈ ಈಗ ಎಲ್ಲಿದೆ? ಅವಳು ಸೆರಗನ್ನು ಮಡಿಸಿಟ್ಟಳು. ಮರುದಿನ ಬಿಡಿಸಿದಳು, ನೋಡಿದಳು, ಮತ್ತೆ ಮಡಿಸಿಟ್ಟಳು. ದಿನವೂ ಇದೇ ಆಯಿತು.

ಹಳೆಯ ರೇಷ್ಮೆಯನ್ನು ಒಂದೇ ಗೆರೆಯ ಮೇಲೆ ಮಡಿಸಬಾರದು, ಮಡಿಕೆ ಬದಲಿಸುತ್ತಿರಬೇಕು. ಇಲ್ಲವಾದರೆ ಆ ಗೆರೆಯಲ್ಲಿ ಎಳೆ ಮುರಿಯುತ್ತದೆ. ಊರಿನ ಹೆಂಗಸರಿಗೆ ಈ ಮಾತು ಹೇಳಿಕೊಡುತ್ತಿದ್ದವಳು ಅವಳೇ. ಆದರೆ ಈ ಸೆರಗಿನ ಮಡಿಕೆಯನ್ನು ಬದಲಿಸುವುದಕ್ಕೂ ಅವಳಿಗೆ ಧೈರ್ಯ ಬರಲಿಲ್ಲ. ಮುದುಕಿಯ ತಾಯಿ ಹೇಗೆ ಮಡಿಸಿದ್ದಳೋ ಹಾಗೆಯೇ ಇರಲಿ ಎಂದು ಪ್ರತಿ ಸಲವೂ ಗೆರೆಗೆ ಗೆರೆ ಕೂಡಿಸಿ, ಅಂಗೈಯಿಂದ ಒತ್ತಿ ಮಡಿಸಿದಳು. ಅದನ್ನೇ ಮರ್ಯಾದೆ ಎಂದುಕೊಂಡಳು.

ಮುದುಕಿ ಬಾಗಿಲಲ್ಲಿ ಇಣುಕಿದಳು. "ಏನವ್ವಾ, ನಮ್ಮ ಮನೆಯಲ್ಲಿ ಮೊಮ್ಮಗಳು ಬಾಣಂತಿ, ಇಲ್ಲಿ ನಿನ್ನ ಕತ್ತರಿಯೂ ಬಾಣಂತಿಯೇ?"

"ಅಳತೆ ನೋಡುತ್ತಿದ್ದೇನೆ ಅಜ್ಜಿ" ಎಂದು ಹೊಲಿಗೆಯವಳು ಸುಳ್ಳು ಹೇಳಿ ನಕ್ಕಳು. ಮುದುಕಿ ಹೋದಮೇಲೆ ಸೆರಗನ್ನು ಮತ್ತೆ ಅದೇ ಗೆರೆಗೆ ಮಡಿಸಿಟ್ಟಳು.

ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಬಂತು. ಇನ್ನು ಮುಂದೂಡುವಂತಿರಲಿಲ್ಲ. ಅವಳು ಸೆರಗನ್ನು ಬಿಡಿಸಿದಳು. ಅದು ತುಂಡು ತುಂಡಾಗಿ ಕೈಗೆ ಬಂತು. ಮಡಿಕೆಯ ಗೆರೆಗಳೆಲ್ಲ ಸೀಳಿಹೋಗಿದ್ದವು. ಗೆರೆಗಳು ಆನೆಗಳ ನಡುವಿನ ಜಾಗದಲ್ಲಿ ಹಾದಿರಲಿಲ್ಲ. ಒಂದೊಂದೂ ಹೊಟ್ಟೆಯ ಮೇಲೆಯೇ ಹಾದಿತ್ತು. ಸೀಳಿದ ಅಂಚಿನಲ್ಲಿ ಕಸೂತಿಯ ದಾರ ಸಡಿಲವಾಗಿ ಉದುರುತ್ತಿತ್ತು. ಜೋಡಿಸೋಣವೆಂದು ಸೂಜಿ ಚುಚ್ಚಿದರೆ, ಸೂಜಿ ಹೋದಲ್ಲೆಲ್ಲ ರೇಷ್ಮೆ ಹರಿಯಿತು.

ಸಂಜೆ ಮುದುಕಿ ಬಂದಾಗ ಅವಳು ಅಳುತ್ತ ಕುಳಿತಿದ್ದಳು. "ಅಜ್ಜಿ, ನಿಮ್ಮಾಣೆ, ನಾನು ಕತ್ತರಿ ಮುಟ್ಟಿಸಿಯೇ ಇಲ್ಲ."

"ಮುಟ್ಟಿಸಲಿ ಎಂದೇ ಅಲ್ಲವೇ ತಂಗಿ, ನಿನಗೆ ತಂದುಕೊಟ್ಟದ್ದು?" ಎಂದಳು ಮುದುಕಿ. ಚೂರುಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡು ಹೊರಟುಹೋದಳು. ಮರುದಿನ ಕೂಸು ಅಂಗಡಿಯ ಟೊಪ್ಪಿಗೆಯಲ್ಲಿ ತೊಟ್ಟಿಲೇರಿತು.

ಗುರುಗಳು ಕತೆ ನಿಲ್ಲಿಸಿದರು. ಬಾಳವ್ವನಿಗೆ ಸಮಾಧಾನವಾಗಲಿಲ್ಲ. "ಆದರೆ ಅವಳಿಗೆ ಕೆಡಿಸುವ ಮನಸ್ಸಿರಲಿಲ್ಲ ಗುರುಗಳೇ. ಕತ್ತರಿಸಿದ್ದರೂ ಒಂದೆರಡು ಆನೆ ಹೋಗುತ್ತಿದ್ದವಲ್ಲವೇ?" ಎಂದಳು.

"ಹೋಗುತ್ತಿದ್ದವೇನೋ; ಆದರೆ ಕತ್ತರಿ ಹಿಡಿದವಳಿಗೆ ಆನೆ ಕಾಣುತ್ತಿತ್ತು, ಮಡಿಕೆಗೆ ಕಾಣಲಿಲ್ಲ."